ಹಳೆಯ ಟೈಮ್ ಇಲ್ಲದ ಸ್ಪರ್ಧೆ

ನಮ್ಮ ಮನೆಯ ಸಂಪನ್ನು ವರ್ಷಕ್ಕೆರಡು ಸಲ ತೊಳೆಯುವುದು ವಾಡಿಕೆ. ತೊಳೆದ ಮೇಲೆ ಅಪ್ಪ ಒಂದಿಷ್ಟು ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಕದಡಿ ಸುರಿಯುತ್ತಾರೆ. 2018ರ ನಂತರದ ಆರೇಳು ವರ್ಷ ಆ ದಿನ ನಾನು ಏನಾದರೊಂದು ನೆಪ ಹೇಳಿ ಮನೆಯಿಂದ ಹೊರಗೆ ಹೋಗಿಬಿಡುತ್ತಿದ್ದೆ. ಆ ವಾಸನೆ ಮೂಗಿಗೆ ತಗುಲಿದರೆ ಸಾಕು, ಹೊಟ್ಟೆ ತೊಳಸುತ್ತಿತ್ತು. ಮಹಾರಾಜ ಪಾರ್ಕಿನಲ್ಲಿ ಒಂದು ಗಂಟೆ ಸುತ್ತಿ, ವಾಸನೆ ಇಳಿದಿರಬಹುದು ಎಂದು ಅಂದಾಜು ಮಾಡಿ ಹಿಂತಿರುಗುತ್ತಿದ್ದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹದಿಮೂರನೆಯ ವಯಸ್ಸಿನಿಂದ ಹತ್ತೊಂಬತ್ತರವರೆಗೆ ಕ್ಲೋರಿನ್ ನೀರಿನಲ್ಲೇ ಬೆಳೆದವಳು ಅದರ ವಾಸನೆಗೆ ಹೇಸುತ್ತಾಳೆ ಎಂದರೆ ನಂಬುವವರು ಯಾರು?

ಈಜು ಕಲಿಸಿದವರು ಅಪ್ಪ, ನಮ್ಮ ಹೊಲದ ಬಾವಿಯಲ್ಲಿ. ಸೊಂಟಕ್ಕೆ ಹಗ್ಗ, ಬೆನ್ನಿಗೆ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನು. ಅವರ ಕಾಲದಲ್ಲಿ ಕ್ಯಾನಿನ ಜಾಗದಲ್ಲಿ ಒಣಗಿದ ಸೋರೆಬುರುಡೆ ಇತ್ತಂತೆ. ಆಮೇಲೆ ಹಾಸನದಲ್ಲೇ ಬೇಸಿಗೆ ಶಿಬಿರ, ಜಿಲ್ಲಾ ಮಟ್ಟದ ಒಂದೆರಡು ಪದಕ. 2012ರಲ್ಲಿ ಬೆಂಗಳೂರಿನ ಚಿಕ್ಕಮ್ಮನ ಮನೆಗೆ ನನ್ನನ್ನು ಕಳುಹಿಸಿದರು. ಅಲ್ಲಿ ತರಬೇತುದಾರರು ನಾಲ್ಕೂ ಶೈಲಿ ಈಜಿಸಿ ನೋಡಿ ಅಂದೇ ತೀರ್ಮಾನ ಹೇಳಿದರು: "ಬಟರ್‌ಫ್ಲೈಗೆ ಹುಡುಗಿಯರು ಕಡಿಮೆ. ಇನ್ನೂರು ಮೀಟರಿಗೆ ಇನ್ನೂ ಕಡಿಮೆ. ಅದಕ್ಕೇ ಹಾಕೋಣ." ಹಾಗೆ ನಾನು 200 ಮೀಟರ್ ಬಟರ್‌ಫ್ಲೈ ಈಜುಗಾರ್ತಿಯಾದೆ. ಅಂಗಡಿಯಲ್ಲಿ ಉಳಿದ ಒಂದೇ ಅಳತೆಯ ಚಪ್ಪಲಿಯನ್ನು ಕಾಲಿಗೆ ಹೊಂದಿಸಿಕೊಂಡಂತೆ.

ಈಜದವರಿಗಾಗಿ ಒಂದು ಮಾತು. ಬಟರ್‌ಫ್ಲೈನಲ್ಲಿ ಎರಡೂ ತೋಳುಗಳು ಒಟ್ಟಿಗೆ ನೀರಿನಿಂದ ಮೇಲೆದ್ದು ಮುಂದೆ ಬೀಳಬೇಕು, ಎರಡೂ ಕಾಲುಗಳು ಜೋಡಿಯಾಗಿ ಮೀನಿನ ಬಾಲದಂತೆ ಬಡಿಯಬೇಕು. ಒಂದು ತೋಳು ದಣಿಯಿತೆಂದು ಇನ್ನೊಂದರ ಮೇಲೆ ಭಾರ ಹಾಕುವಂತಿಲ್ಲ. ಐವತ್ತು ಮೀಟರ್ ಚೆಂದ. ನೂರು ಕಷ್ಟ. ಇನ್ನೂರರಲ್ಲಿ ಕೊನೆಯ ಐವತ್ತಕ್ಕೆ ತಿರುಗುವ ಹೊತ್ತಿಗೆ ಬೆನ್ನ ಮೇಲೆ ಯಾರೋ ಅಕ್ಕಿ ಮೂಟೆ ಇಳಿಸಿದ ಹಾಗಾಗುತ್ತದೆ.

ಬೆಳಗಿನ ನಾಲ್ಕೂಕಾಲಕ್ಕೆ ಅಲಾರಂ. ಐದರಿಂದ ಏಳೂವರೆ, ಮತ್ತೆ ಸಂಜೆ ಎರಡು ಗಂಟೆ. ವಾರಕ್ಕೆ ಹತ್ತು ಅವಧಿ, ಸುಮಾರು ನಲವತ್ತೈದು ಕಿಲೋಮೀಟರ್. ಹದಿನಾರನೆಯ ವಯಸ್ಸಿನಲ್ಲಿ 2 ನಿಮಿಷ 31 ಸೆಕೆಂಡಿಗೆ ಇನ್ನೂರು ಮುಗಿಸಿದೆ. ಆಮೇಲೆ ಮೂರು ವರ್ಷ ಆ ಅಂಕಿ ಅಲುಗಲಿಲ್ಲ. ಕೊನೆಯ ವರ್ಷ ಹಿಂದಕ್ಕೇ ಹೋಯಿತು. ಟೈಮ್ ಇಳಿಯದಿದ್ದರೆ ದೂರ ಹೆಚ್ಚಿಸುವುದು ಅಲ್ಲಿನ ಮದ್ದು. ದೂರ ಹೆಚ್ಚಿದಷ್ಟೂ ಟೈಮ್ ಕೆಟ್ಟಿತು. ಏಳುವಾಗಿನ ನಾಡಿಬಡಿತ 54ರಿಂದ 66ಕ್ಕೆ ಏರಿತ್ತು. ನೆಗಡಿ ಬಿಟ್ಟರೆ ಜ್ವರ, ಜ್ವರ ಬಿಟ್ಟರೆ ನೆಗಡಿ. ನಾಲ್ಕು ತಿಂಗಳು ಮುಟ್ಟಾಗಲಿಲ್ಲ, ಹಿಮೋಗ್ಲೋಬಿನ್ 9.2ಕ್ಕೆ ಇಳಿದಿತ್ತು. ಮುಟ್ಟಿನ ವಿಷಯ ಹೇಳಿಕೊಂಡಾಗ "ಹೆವಿ ಟ್ರೈನಿಂಗ್‌ನಲ್ಲಿ ಇದೆಲ್ಲ ಸಹಜ" ಎಂಬ ಉತ್ತರ ಸಿಕ್ಕಿತು. ಸಹಜವಲ್ಲ. ದೇಹ ಖರ್ಚು ಮಾಡುವಷ್ಟು ಆಹಾರ ಒಳಗೆ ಹೋಗದಿದ್ದಾಗ ಮೊದಲು ನಿಲ್ಲುವ ವ್ಯವಸ್ಥೆಗಳಲ್ಲಿ ಅದೂ ಒಂದು. ಈಜಲು ಮಕ್ಕಳನ್ನು ಕಳುಹಿಸುವ ತಾಯಂದಿರು ಬೇರೇನನ್ನು ಮರೆತರೂ ಇದನ್ನು ಮರೆಯಬಾರದು.

2018ರ ಒಂದು ಕೂಟದಲ್ಲಿ 150 ಮೀಟರಿನ ಗೋಡೆಯನ್ನು ಎರಡೂ ಕೈಗಳಿಂದ ಮುಟ್ಟಿದೆ. ತಿರುಗಲಿಲ್ಲ. ನೋವಿರಲಿಲ್ಲ, ಉಸಿರು ಕಟ್ಟಿರಲಿಲ್ಲ. ಲೇನ್ ಹಗ್ಗ ಹಿಡಿದು ನಿಂತೆ, ಉಳಿದವರು ಮುಗಿಸುವುದನ್ನು ನೋಡಿದೆ, ಮೇಲೆ ಬಂದೆ. ಮರುದಿನ ಹಾಸನದ ಬಸ್ಸು ಹತ್ತಿದೆ. ಏನಾಯಿತೆಂದು ಎಲ್ಲರೂ ಕೇಳುತ್ತಿದ್ದರೆ, ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದ ಅಜ್ಜಿ, "ಮಗುವಿಗೆ ಸಾಕಾಗಿದೆ, ಬಿಡಿ" ಎಂದಳು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ಬರ್ನ್‌ಔಟ್, ಅಂದರೆ ದಣಿದು ಬರಿದಾಗುವುದನ್ನು, ರೋಗಗಳ ತನ್ನ ಹೊಸ ವರ್ಗೀಕರಣದಲ್ಲಿ ವಿವರಿಸಿತು. ಅದರ ಪ್ರಕಾರ ಅದು ಕಾಯಿಲೆಯಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ. ನನಗಂತೂ ಯಾರೂ ಸಂಬಳ ಕೊಡುತ್ತಿರಲಿಲ್ಲ. ಅಜ್ಜಿಯ ರೋಗನಿರ್ಣಯವೇ ಹೆಚ್ಚು ಸರಿಯಿತ್ತು.

ಮುಂದಿನ ವರ್ಷಗಳನ್ನು ಬೇಗ ಮುಗಿಸುತ್ತೇನೆ. ಗಣಿತದಲ್ಲಿ ಎಂಎಸ್ಸಿ ಮಾಡಿದೆ, ಊರಿನ ಪದವಿಪೂರ್ವ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾದೆ, ಒಂಬತ್ತು ಕೆಜಿ ತೂಕ ಹೆಚ್ಚಿಸಿಕೊಂಡೆ, ಸುಖವಾಗಿದ್ದೆ.

ಮತ್ತೆ ನೀರಿಗೆ ಇಳಿಸಿದ್ದು ಅಣ್ಣನ ಮಗಳು. 2025ರ ಏಪ್ರಿಲ್‌ನಲ್ಲಿ ಅವಳನ್ನು ಬೇಸಿಗೆ ಶಿಬಿರಕ್ಕೆ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಮೂರು ದಿನ ಗೇಟಿನ ಹೊರಗೆ ಸ್ಕೂಟರ್ ಮೇಲೆ ಕೂತಿದ್ದೆ. ನಾಲ್ಕನೆಯ ದಿನ ಅವಳ ಈಜು ಕನ್ನಡಕ ಮರೆತುಹೋಗಿ ಅದನ್ನು ಕೊಡಲು ಒಳಗೆ ಹೋದೆ. ವಾಸನೆ ಇತ್ತು. ಹೊಟ್ಟೆ ಸುಮ್ಮನಿತ್ತು. ಎಷ್ಟು ಹೊತ್ತು ನಿಂತಿದ್ದೆನೋ, ಅಲ್ಲಿನ ಜೀವರಕ್ಷಕರು "ಮೇಡಂ, ಪಾಲಕರು ಚಪ್ಪಲಿ ಹಾಕಿಕೊಂಡು ಇಲ್ಲಿ ನಿಲ್ಲುವಂತಿಲ್ಲ" ಎಂದು ಗದರಿದರು. ಮರುವಾರ ಹೊಸ ಈಜುಡುಗೆ ಕೊಂಡು, ಬೆಳಗಿನ ಆರು ಗಂಟೆಯ ಬ್ಯಾಚಿಗೆ ಹಣ ಕಟ್ಟಿದೆ. ಐವತ್ತು ದಾಟಿದ ಆ ಜೀವರಕ್ಷಕರನ್ನು ಅಂದಿನಿಂದ ಅಣ್ಣ ಎಂದೇ ಕರೆಯುತ್ತೇನೆ. ಅವರು ಮಾತ್ರ ಮೇಡಂ ಬಿಟ್ಟಿಲ್ಲ.

ಮೊದಲ ದಿನ ಎಂಟು ನೂರು ಮೀಟರ್, ಅದೂ ತುಂಡು ತುಂಡಾಗಿ. ತರಬೇತಿ ನಿಂತ ಕೆಲವೇ ವಾರಗಳಲ್ಲಿ ರಕ್ತದ ಪ್ಲಾಸ್ಮಾ ಪ್ರಮಾಣ ಇಳಿಯುತ್ತದೆ, ಹೃದಯ ಒಂದು ಬಡಿತಕ್ಕೆ ತಳ್ಳುವ ರಕ್ತ ಕಡಿಮೆಯಾಗುತ್ತದೆ ಎಂದು ಓದಿದ್ದೆ. ಏಳು ವರ್ಷ ನಿಲ್ಲಿಸಿದವಳಿಗೆ ಉಬ್ಬಸ ಬರುವುದು ಹೊಸ ಸುದ್ದಿಯಲ್ಲ. ವಿಚಿತ್ರವೆನಿಸಿದ್ದು ಬೇರೆ. ಕೈ ಹೋಗಬೇಕಾದ ದಾರಿಯಲ್ಲೇ ಹೋಗುತ್ತಿತ್ತು, ಮೊಣಕೈ ತಾನಾಗಿ ಮೇಲೆ ನಿಲ್ಲುತ್ತಿತ್ತು, ಆದರೆ ನೀರು ಅಂಗೈಗೆ ಸಿಗುತ್ತಿರಲಿಲ್ಲ. ಸೋಪು ಸವರಿದ ಹಗ್ಗ ಎಳೆದಂತೆ. ನೀರಿಗೆ ಒಂದು ಹಿಡಿ ಇದೆ ಎಂಬುದು ಈಜುವವರಿಗಷ್ಟೇ ಗೊತ್ತು. ಅದು ವಾಪಸು ಬರಲು ನನಗೆ ಐದು ವಾರ ಬೇಕಾಯಿತು. ಬಂದ ದಿನ ಯಾರಿಗೂ ಹೇಳದೆ ಬಸ್ ನಿಲ್ದಾಣದ ಹತ್ತಿರ ಎರಡು ಮಸಾಲೆ ದೋಸೆ ತಿಂದೆ.

ನನಗೆ ನಾನೇ ಹಾಕಿಕೊಂಡ ಕಟ್ಟಳೆಗಳು ಕೆಲವು. ಆರು ವಾರ ಗಡಿಯಾರ ನೋಡಕೂಡದು. ವಾರಕ್ಕೆ ನಾಲ್ಕೇ ದಿನ. ಏಳುವಾಗ ನಾಡಿಬಡಿತ ಬರೆದಿಡಬೇಕು. ಹೊಟ್ಟೆ ತುಂಬ ತಿನ್ನಬೇಕು: ಈಜುವ ಮೊದಲು ಬಾಳೆಹಣ್ಣು, ಮುಗಿದ ಅರ್ಧ ಗಂಟೆಯೊಳಗೆ ಎರಡು ಮೊಟ್ಟೆ, ಅಕ್ಕಿರೊಟ್ಟಿ, ರಾತ್ರಿ ಮುದ್ದೆ, ಹುರುಳಿ ಸಾರು. ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಭುಜಕ್ಕಾಗಿ ಹಳೆಯ ಸೈಕಲ್ ಟ್ಯೂಬನ್ನು ಕಿಟಕಿಯ ಸರಳಿಗೆ ಕಟ್ಟಿ ದಿನಕ್ಕೆ ಹತ್ತು ನಿಮಿಷ ಎಳೆದೆ. ಅಮ್ಮ ಅದರ ಮೇಲೆ ಟವೆಲ್ ಒಣಗಿಸಿದಾಗಲೆಲ್ಲ ಸಣ್ಣ ಜಗಳ.

ಜೂನ್, ಜುಲೈಯಲ್ಲಿ ಹಾಸನದ ಜಡಿಮಳೆ ಹಿಡಿದ ಮೇಲೆ ಈಜುಕೊಳ ಖಾಲಿಯಾಯಿತು. ಶಿಬಿರದ ಮಕ್ಕಳಿಲ್ಲ, ತೂಕ ಇಳಿಸಲು ಬಂದು ಅಂಚಿನಲ್ಲಿ ಕೂತು ಜಮೀನಿನ ದರ ಮಾತಾಡುವವರಿಲ್ಲ. ಅಣ್ಣ ಛತ್ರಿ ಹಿಡಿದು ಕುರ್ಚಿಯಲ್ಲಿ, ನಾನು ನೀರಿನಲ್ಲಿ. ಉಸಿರಿಗೆ ತಲೆ ತಿರುಗಿಸಿದಾಗಲೆಲ್ಲ ನೀರಿನ ಮೇಲೆ ಹನಿಗಳು ಮೊಳೆಯಂತೆ ಎದ್ದು ನಿಲ್ಲುವುದು ಕಾಣಿಸುತ್ತಿತ್ತು. ಬೆಂಗಳೂರಿನ ಆರು ವರ್ಷಗಳಲ್ಲಿ ಮಳೆಯಲ್ಲಿ ಎಷ್ಟು ಸಲ ಈಜಿದ್ದೇನೋ, ಒಂದು ಸಲವೂ ಅದನ್ನು ನೋಡಿದ ನೆನಪಿಲ್ಲ.

ಗಡಿಯಾರದ ನಿಷೇಧ ಮುಗಿದ ಮೇಲೆ ಕಾಲೇಜಿನ ಸ್ಟೋರ್ ರೂಮಿನಿಂದ ಸೆಕೆಂಡ್ ಮುಳ್ಳಿರುವ ಹಳೆಯ ಗೋಡೆ ಗಡಿಯಾರ ತಂದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕುರ್ಚಿಗೆ ಆನಿಸಿದೆ. ನಮ್ಮ ಕೊಳದಲ್ಲಿ ಅಂಥದ್ದೊಂದು ಇರಲಿಲ್ಲ. ಒಂದು ಪರೀಕ್ಷೆ ಮಾಡಿಕೊಂಡೆ: 400 ಮೀಟರ್ ಪೂರ್ತಿ ಬಲದಿಂದ, ಸಾಕಷ್ಟು ವಿಶ್ರಾಂತಿ, ಆಮೇಲೆ 200. ಬಂದದ್ದು 6 ನಿಮಿಷ 4 ಸೆಕೆಂಡ್ ಮತ್ತು 2 ನಿಮಿಷ 54. ಎರಡರ ವ್ಯತ್ಯಾಸ 190 ಸೆಕೆಂಡ್, ಅದು 200 ಮೀಟರಿನ ಬೆಲೆ. ಅಂದರೆ ನೂರಕ್ಕೆ 1 ನಿಮಿಷ 35. ದಣಿವು ಕೂಡಿಬೀಳದೆ ಬಹಳ ಹೊತ್ತು ಹಿಡಿದಿಡಬಹುದಾದ ವೇಗ ಹೆಚ್ಚುಕಡಿಮೆ ಅದೇ. ಅದರ ಸುತ್ತ ಅಭ್ಯಾಸ ಕಟ್ಟಿಕೊಂಡೆ: 1 ನಿಮಿಷ 50 ಸೆಕೆಂಡಿಗೊಂದು ಹೊರಡುವಂತೆ ನೂರು ಮೀಟರಿನ ಎಂಟು ಈಜು, ಇನ್ನೊಂದು ದಿನ ಉದ್ದದ ನಿಧಾನ ಈಜು, ಮತ್ತೊಂದು ದಿನ ಬರೀ ಕಾಲು. ಮೊದಲೆಲ್ಲ ಬಿಳಿ ಹಲಗೆಯ ಮೇಲೆ ಬರೆದದ್ದನ್ನು ಕಣ್ಣುಮುಚ್ಚಿ ಈಜುತ್ತಿದ್ದವಳಿಗೆ ಯಾಕೆ ಇಷ್ಟು, ಯಾಕೆ ಈ ವೇಗ ಎಂದು ಗೊತ್ತಿರುವುದೇ ಒಂದು ರುಚಿ.

ರುಚಿ ಹತ್ತಿದ್ದೇ ತಪ್ಪಾಯಿತು. ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ರಾಜ್ಯ ಮಟ್ಟದ ಮಾಸ್ಟರ್ಸ್ ಕೂಟವಿದೆ ಎಂದು ಹಳೆಯ ಗೆಳತಿಯೊಬ್ಬಳು ತಿಳಿಸಿದಳು. ಮಾಸ್ಟರ್ಸ್ ಎಂದರೆ ಇಪ್ಪತ್ತೈದು ದಾಟಿದವರಿಗೆ, ಐದೈದು ವರ್ಷದ ವಯೋಗುಂಪುಗಳಲ್ಲಿ ನಡೆಯುವ ಸ್ಪರ್ಧೆ. ಕೂಟದ ಹೆಸರು ಕೇಳಿದ್ದೇ ತಡ, ನಾಲ್ಕು ದಿನ ಆರಾಯಿತು, ಎರಡು ಕಿಲೋಮೀಟರ್ ಮೂರೂವರೆಯಾಯಿತು. ಆಗಸ್ಟ್ ಕೊನೆಗೆ ನಾಡಿಬಡಿತ 58ರಿಂದ 67. ತರಗತಿಯಲ್ಲಿ ಲಿಮಿಟ್ಸ್ ಲೆಕ್ಕ ತಪ್ಪಿದ ಹುಡುಗನಿಗೆ ಅಗತ್ಯಕ್ಕಿಂತ ಜೋರಾಗಿ ಬೈದೆ. ಒಂದು ಬೆಳಿಗ್ಗೆ ಗೇಟಿನ ಹತ್ತಿರ ಹೋಗುತ್ತಲೇ ಹೊಟ್ಟೆ ತೊಳಸಿತು.

ಸ್ಕೂಟರ್ ತಿರುಗಿಸಿ ಸೀದಾ ಹೊಲಕ್ಕೆ ಹೋದೆ. ಅಪ್ಪ ಮುಸುಕಿನ ಜೋಳದ ಸಾಲಿನಲ್ಲಿದ್ದರು. ನಮ್ಮ ಸೀಮೆಯ ಅನೇಕರ ಹಾಗೆ ಅವರೂ ಒಂದು ಕಾಲದಲ್ಲಿ ಪಂಜಾಬಿನ ಜಲಂಧರ್ ಕಡೆಯಿಂದ ಬರುವ ಬಿತ್ತನೆ ಆಲೂಗಡ್ಡೆಗಾಗಿ ಎಪಿಎಂಸಿ ಮುಂದೆ ಸರದಿ ನಿಂತವರೇ. ಅಂಗಮಾರಿ ರೋಗ ಮತ್ತೆ ಮತ್ತೆ ಹೊಡೆದ ಮೇಲೆ ಜೋಳಕ್ಕೆ ಬಂದವರು. ನನ್ನ ಮುಖ ನೋಡಿ, "ಹೊಲಕ್ಕೆ ವರ್ಷ ವರ್ಷ ಅದನ್ನೇ ಹಾಕಿ ಏನಾಯಿತು ಎಂದು ನೋಡಿದ್ದೀಯಲ್ಲ ಪುಟ್ಟಿ" ಎಂದರು. ಅಷ್ಟೇ. ಬೇರೆ ಮಾತಾಡಲಿಲ್ಲ, ನೀರಿನ ಪೈಪು ಎಳೆಯಲು ಹೇಳಿದರು. ಒಂಬತ್ತು ದಿನ ಈಜಲಿಲ್ಲ. ಹತ್ತನೆಯ ದಿನ ನಾಡಿಬಡಿತ 59.

ಗೆಳತಿ ಆಗ ಒಂದು ವಿಷಯ ನೆನಪಿಸಿದಳು. ಅಮೆರಿಕದ ಕೇಲಬ್ ಡ್ರೆಸೆಲ್, ಅಷ್ಟರಲ್ಲಾಗಲೇ ಏಳು ಒಲಿಂಪಿಕ್ ಚಿನ್ನ ಗೆದ್ದವನು, 2022ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್‌ನ ನಡುವೆಯೇ ಹಿಂದೆ ಸರಿದಿದ್ದ. ಬಟರ್‌ಫ್ಲೈನಲ್ಲಿ ಚಿನ್ನ ಗೆದ್ದ ಮೇಲೆ. ತಿಂಗಳುಗಟ್ಟಲೆ ನೀರಿನಿಂದ ದೂರವಿದ್ದು ಮರಳಿದಾಗ, 2023ರ ವಿಶ್ವ ಚಾಂಪಿಯನ್‌ಷಿಪ್‌ಗೆ ತನ್ನ ದೇಶದ ತಂಡದಲ್ಲಿ ಜಾಗವೇ ಸಿಗಲಿಲ್ಲ. ಪ್ಯಾರಿಸ್‌ನಲ್ಲಿ ರಿಲೇ ಚಿನ್ನ ಬಂದದ್ದು ಅದಾದ ಮರುವರ್ಷ. ನನಗೆ ಹಿಡಿಸಿದ್ದು ಪ್ಯಾರಿಸ್ ಅಲ್ಲ, 2023. ಅಂಥವನೂ ಸೋಲುವ ಟೈಮ್ ಈಜಿ, ಮರುದಿನ ಮತ್ತೆ ಅಭ್ಯಾಸಕ್ಕೆ ಹೋಗಿರಬೇಕಲ್ಲ.

ಇನ್ನು ಸ್ಪರ್ಧೆ ಆರಿಸುವ ಪ್ರಶ್ನೆ. ಒಬ್ಬರಿಗೆ ಮೂರು ವೈಯಕ್ತಿಕ ಸ್ಪರ್ಧೆಗಳಷ್ಟೇ. ಅರ್ಜಿ ನಮೂನೆಯನ್ನು ಮೇಜಿನ ಮೇಲಿಟ್ಟುಕೊಂಡು ಎರಡು ವಾರ ಕೂತೆ ಎಂದರೆ ನಗಬೇಡಿ. ಈ ಇಪ್ಪತ್ತಾರು ವರ್ಷಗಳಲ್ಲಿ ನನ್ನ ಸ್ಪರ್ಧೆಯನ್ನು ನಾನೇ ಆರಿಸಿದ್ದು ಇದೇ ಮೊದಲು.

ಗೆಳತಿಯ ಸಲಹೆ ತಕ್ಷಣ ಬಂತು. "200 ಫ್ಲೈ ಹಾಕು. ನಮ್ಮ ಗುಂಪಿನಲ್ಲಿ ಅದಕ್ಕೆ ಯಾರೂ ಇರುವುದಿಲ್ಲ. ಮುಗಿಸಿದರೆ ಚಿನ್ನ." ಹದಿಮೂರು ವರ್ಷದ ಹಿಂದಿನ ಅದೇ ವಾಕ್ಯ! ಆದರೂ ಸುಮ್ಮನೆ ತಳ್ಳಿಹಾಕಲಿಲ್ಲ. ಒಂದು ಭಾನುವಾರ, ಕೊಳದಲ್ಲಿ ಜನ ಕಡಿಮೆಯಿದ್ದಾಗ, ನಾಲ್ಕು ಐವತ್ತುಗಳನ್ನು ಬಟರ್‌ಫ್ಲೈನಲ್ಲಿ ಈಜಿ ನೋಡಿದೆ. ದೇಹ ಒಪ್ಪಿತು. ಲಯ ಕೂಡ ಚೆನ್ನಾಗಿತ್ತು, ಹೆಮ್ಮೆಯೂ ಆಯಿತು. ಆದರೆ ಮೂರನೆಯದು ಮುಗಿಸಿ ಗೋಡೆ ಹಿಡಿದಾಗ ಕೈ ನಡುಗಿತು. ಅದು 150ರ ಗೋಡೆ. ನಾಲ್ಕನೆಯದನ್ನು ಈಜಿ ಮುಗಿಸಿದೆ, ಟವೆಲ್ ಸುತ್ತಿಕೊಂಡು ಕೂತು ಅರ್ಜಿಯಲ್ಲಿ ಆ ಖಾನೆಯನ್ನು ಖಾಲಿ ಬಿಡುವುದೆಂದು ನಿರ್ಧರಿಸಿದೆ. ಹೆದರಿದೆ ಎನ್ನುವವರು ಎನ್ನಲಿ. ಹೆದರಿದ್ದೂ ನಿಜ.

ಮೊದಲ ಆಯ್ಕೆ 400 ಫ್ರೀಸ್ಟೈಲ್. ಮಳೆಗಾಲವಿಡೀ ನಾನು ಖುಷಿಯಿಂದ ಈಜಿದ್ದು ಅದನ್ನೇ. ಲೆಕ್ಕ ಹಾಕುವವರ ಸ್ಪರ್ಧೆ ಅದು; ಮೊದಲ ನೂರರಲ್ಲಿ ಆಸೆಬುರುಕರಾದರೆ ಮೂರನೆಯ ನೂರು ಬಡ್ಡಿ ಸಮೇತ ವಸೂಲಿ ಮಾಡುತ್ತದೆ.

ಎರಡನೆಯದು 100 ಬ್ಯಾಕ್‌ಸ್ಟ್ರೋಕ್. ಇದಕ್ಕೊಂದು ತೊಡಕಿತ್ತು. ಅಂಗಾತ ಈಜುವವರಿಗೆ ಗೋಡೆ ಕಾಣುವುದಿಲ್ಲ. ಅದಕ್ಕೇ ಎರಡೂ ತುದಿಗಳಲ್ಲಿ, ಗೋಡೆಯಿಂದ ಐದು ಮೀಟರ್ ಈಚೆಗೆ, ನೀರಿನಿಂದ ಕನಿಷ್ಠ 1.8 ಮೀಟರ್ ಎತ್ತರದಲ್ಲಿ ಬಾವುಟಗಳ ಸಾಲು ಕಟ್ಟಿರುತ್ತಾರೆ. ಬಾವುಟ ಕಂಡ ಮೇಲೆ ಕೈ ಎಣಿಸಿಕೊಂಡು ತಿರುಗಬೇಕು. ನಮ್ಮ ಕೊಳದಲ್ಲಿ ಬಾವುಟವಿಲ್ಲ; ಎರಡು ಸಲ ನೆತ್ತಿ ಗೋಡೆಗೆ ಬಡಿದು ಬುಗುಟೆ ಎದ್ದಿತು. ಅಕ್ಟೋಬರಿನಲ್ಲಿ ಹಾಸನಾಂಬೆಯ ಬಾಗಿಲು ತೆರೆದು ಊರಿಗೆ ಊರೇ ಬಸ್ಸು, ಸಾಲು, ಜನಜಂಗುಳಿಯಾಗಿ, ಕೊಳಕ್ಕೆ ಹೋಗುವ ದಾರಿಯೇ ಮುಚ್ಚಿದ ದಿನಗಳೂ ಇದ್ದವು. ಅದು ಮುಗಿದು ನವೆಂಬರ್ ಮೊದಲ ವಾರ ಕೊಳಕ್ಕೆ ಹೋದರೆ, ಎರಡೂ ತುದಿಗಳಲ್ಲಿ ಕೆಂಪು ಹಳದಿ ಬಾವುಟಗಳು ತೂಗುತ್ತಿವೆ! ರಾಜ್ಯೋತ್ಸವಕ್ಕೆ ಬೀದಿಯಲ್ಲಿ ಕಟ್ಟಿದ್ದ ಸರಗಳನ್ನು ಬಿಚ್ಚುವಾಗ ಅಣ್ಣ ಕೇಳಿ ತಂದು, ಟೇಪು ಹಿಡಿದು ಐದು ಮೀಟರ್ ಅಳೆದು ಕಟ್ಟಿದ್ದರು. "ತಲೆ ಒಡೆದುಕೊಂಡರೆ ವರದಿ ಬರೆಯಬೇಕಾದವನು ನಾನು ತಾನೇ ಮೇಡಂ" ಎಂದರು. ಬಾವುಟದಿಂದ ಗೋಡೆಗೆ ನನ್ನ ಲೆಕ್ಕ ನಾಲ್ಕು ಕೈ. ನಾಲ್ಕನೆಯದಕ್ಕೆ ಹೊಟ್ಟೆಯ ಮೇಲೆ ಹೊರಳಿ ಪಲ್ಟಿ.

ಮೂರನೆಯದಕ್ಕೆ ಕೊನೆಯವರೆಗೂ ಒದ್ದಾಡಿದೆ. ಆ ವರ್ಷದ ಏಪ್ರಿಲ್‌ನಲ್ಲೇ ಒಂದು ಸುದ್ದಿ ಬಂದಿತ್ತು: ಬ್ಯಾಕ್‌ಸ್ಟ್ರೋಕ್, ಕಪ್ಪೆಯಂತೆ ಒದ್ದು ಈಜುವ ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈಗಳ ಐವತ್ತು ಮೀಟರ್ ಸ್ಪರ್ಧೆಗಳು 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸೇರುತ್ತವೆ ಎಂದು. ಆ ಪಟ್ಟಿ ನೋಡುವಾಗ 50 ಬ್ರೆಸ್ಟ್‌ಸ್ಟ್ರೋಕ್ ಮೇಲೆ ಕಣ್ಣು ನಿಂತಿತ್ತು. ನಾಲ್ಕು ಶೈಲಿಗಳಲ್ಲಿ ನನ್ನ ಅತಿ ಕಳಪೆ ಅದೇ. ಅದನ್ನು ಪ್ರತ್ಯೇಕವಾಗಿ ನಾನು ಸ್ಪರ್ಧೆಯಲ್ಲಿ ಈಜಿದ್ದೇ ಇಲ್ಲ. ಅಂದರೆ ಅದರಲ್ಲಿ ನನಗೆ ಹಳೆಯ ಟೈಮ್ ಇಲ್ಲ, ಹದಿನಾರು ವರ್ಷದ ಆ ಹುಡುಗಿ ಪಕ್ಕದ ಲೇನಿನಲ್ಲಿ ಇರುವುದಿಲ್ಲ. ಬರೆದುಬಿಟ್ಟೆ.

ನವೆಂಬರ್ ಕೊನೆಗೆ ನಮ್ಮ ನೀರು ತಣ್ಣಗಾಗಿ ಹಲ್ಲು ಕಟಕಟಿಸುತ್ತಿತ್ತು. ಸ್ಪರ್ಧೆಯ ಕೊಳದ ನೀರು 25ರಿಂದ 28 ಡಿಗ್ರಿ ಇರಬೇಕೆಂಬುದು ನಿಯಮ. ನಮ್ಮದು ಒಂದು ಬೆಳಿಗ್ಗೆ 20. ಹಾರುವ ಕಟ್ಟೆ ಇಲ್ಲದ್ದರಿಂದ ಬ್ಯಾಕ್‌ಸ್ಟ್ರೋಕ್ ಆರಂಭವನ್ನು ನೀರು ಹರಿಯುವ ಅಂಚಿನ ಕಾಲುವೆ ಹಿಡಿದೇ ಅಭ್ಯಾಸ ಮಾಡಿದೆ. ಕೊನೆಯ ಹತ್ತು ದಿನ ದೂರವನ್ನು ಅರ್ಧಕ್ಕಿಳಿಸಿದೆ. ಹಿಂದೆ ಇದೇ ಇಳಿಕೆಯ ದಿನಗಳಲ್ಲಿ ನಿದ್ದೆ ಬರುತ್ತಿರಲಿಲ್ಲ. ಈ ಸಲ ಉತ್ತರಪತ್ರಿಕೆಗಳ ರಾಶಿ ಇತ್ತು, ಅದರ ಮೇಲೆಯೇ ತಲೆಯಿಟ್ಟು ಮಲಗಿದೆ.

ಅಪ್ಪನೂ ನಾನೂ ಹಿಂದಿನ ದಿನವೇ ಬೆಂಗಳೂರು ಸೇರಿದೆವು. 400ರಲ್ಲಿ ನನ್ನ ದೊಡ್ಡ ಚಿಂತೆ ಗೋಡೆಗಳದ್ದು. ನಮ್ಮ ಇಪ್ಪತ್ತೈದು ಮೀಟರಿನ ಕೊಳದಲ್ಲಿ ಹದಿನೈದು ಸಲ ತಿರುಗಿ, ಹದಿನೈದು ಸಲ ಗೋಡೆ ಒದ್ದು ವೇಗ ಪಡೆಯುತ್ತಿದ್ದೆ. ಐವತ್ತು ಮೀಟರಿನ ಕೊಳದಲ್ಲಿ ಏಳೇ ತಿರುವು. ಮೂವತ್ತೈದು ಮೀಟರ್ ದಾಟಿದ ಮೇಲೆ ಪ್ರತಿ ಸಲವೂ ಗೋಡೆಯನ್ನು ಯಾರೋ ಹಿಂದಕ್ಕೆ ಸರಿಸಿದ್ದಾರೆ ಎನಿಸಿತು. 5 ನಿಮಿಷ 41. ಗುಂಪಿನಲ್ಲಿ ಮೂವರಲ್ಲಿ ಎರಡನೆಯವಳು. ಮಧ್ಯಾಹ್ನ 100 ಬ್ಯಾಕ್‌ಸ್ಟ್ರೋಕ್ 1 ನಿಮಿಷ 21. ಹಳೆಯ ಅತ್ಯುತ್ತಮಕ್ಕಿಂತ ಎಂಟು ಸೆಕೆಂಡ್ ಹೆಚ್ಚು. ತೆರೆದ ಆಕಾಶ, ಎರಡು ಹದ್ದು, ಬಾವುಟ, ನಾಲ್ಕು ಕೈ, ಪಲ್ಟಿ. ತಲೆ ಎಲ್ಲಿಯೂ ಬಡಿಯಲಿಲ್ಲ. ಎಂಟು ಸೆಕೆಂಡಿನ ವಿಷಯ ನನಗೆ ನೆನಪಾದದ್ದು ಊಟ ಮಾಡುವಾಗ.

ಮರುದಿನ 50 ಬ್ರೆಸ್ಟ್‌ಸ್ಟ್ರೋಕ್. ಹಾರಿದೆ, ಎಳೆದೆ, ಎದ್ದೆ, ಒದ್ದೆ. ಮುಗಿಸಿ ಫಲಕ ನೋಡಿದರೆ ನನ್ನ ಹೆಸರಿನ ಮುಂದೆ ಟೈಮ್ ಇಲ್ಲ. ಅನರ್ಹ. ತೀರ್ಪುಗಾರರು ಬಂದು ಮೃದುವಾಗಿಯೇ ಹೇಳಿದರು. ಹಾರಿದ ಮೇಲೆ ನೀರಿನೊಳಗೆ ಬ್ರೆಸ್ಟ್‌ಸ್ಟ್ರೋಕ್‌ನ ಮೊದಲ ಒದೆತಕ್ಕೆ ಮುಂಚೆ ಬಟರ್‌ಫ್ಲೈ ಒದೆತ ಒಂದೇ ಒಂದಕ್ಕೆ ಅವಕಾಶ. ನಾನು ಎರಡು ಒದ್ದಿದ್ದೆ. "ಮೊದಲು ಬಟರ್‌ಫ್ಲೈ ಈಜುತ್ತಿದ್ದಿರಾ?" ಎಂದು ಕೇಳಿದರು. ನನಗೆ ನಗು ತಡೆಯಲಾಗಲಿಲ್ಲ. ಅಂಚಿನಲ್ಲಿ ಕೂತು, ಟೋಪಿ ಕಿತ್ತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅಪ್ಪ ಗಾಬರಿಯಾಗಿ ಗ್ಯಾಲರಿಯಿಂದ ಇಳಿದು ಬಂದರು.

"ಏನಾಯಿತು ಪುಟ್ಟಿ?"

"ಟೈಮ್ ಇಲ್ಲ ಅಪ್ಪಾ."

"ಕೈಗಡಿಯಾರದಲ್ಲಿ ನಾನು ನೋಡಿದೆನಲ್ಲ, ನಲವತ್ತೈದು ಸೆಕೆಂಡ್ ಇರಬಹುದು" ಎಂದರು ಅಪ್ಪ, ನನ್ನ ಪರವಾಗಿ ತೀರ್ಪುಗಾರರ ಹತ್ತಿರ ವಾದಿಸಲು ಸಿದ್ಧರಾಗಿ.

ಸೋಮವಾರ ನಮ್ಮ ಕೊಳಕ್ಕೆ ರಜೆ. ಮಂಗಳವಾರ ಆರು ಗಂಟೆಗೆ ಹೋದೆ. ಬಾವುಟಗಳ ಬಣ್ಣ ಸ್ವಲ್ಪ ಮಾಸಿತ್ತು. ಅಣ್ಣನನ್ನು ಅಂಚಿನಲ್ಲಿ ನಿಲ್ಲಿಸಿ, ಎಷ್ಟು ಒದೆಯುತ್ತೇನೆಂದು ಗಟ್ಟಿಯಾಗಿ ಎಣಿಸಲು ಹೇಳಿದೆ. ಹತ್ತು ಸಲ ಗೋಡೆ ಒದ್ದು ಹೊರಟೆ. ಏಳು ಸಲ ಒಂದು, ಮೂರು ಸಲ ಎರಡು.